ಉಪವಾಸದ ತಾಕು

ಆ ಸಂಶೋಧನಾ ಕೇಂದ್ರದಲ್ಲಿ ಅವಳನ್ನು ಹೆಸರು ಹಿಡಿದು ಕರೆಯುತ್ತಿದ್ದವನು ಹಾಜರಿ ಹಾಕುವ ಗುಮಾಸ್ತ ಒಬ್ಬನೇ. ಮಿಕ್ಕವರಿಗೆಲ್ಲ, ನಿರ್ದೇಶಕರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ, ಅವಳು ತಾಕಿನಕ್ಕ. ತಾಕು ಎಂದರೆ ಪ್ರಯೋಗಕ್ಕೆಂದು ಅಳೆದು ಗೂಟ ಹೊಡೆದ ತುಂಡು ನೆಲ. ಅಂಥ ಹನ್ನೆರಡು ತಾಕುಗಳನ್ನು ಅವಳು ಇಪ್ಪತ್ತೆಂಟು ವರ್ಷಗಳಿಂದ ನೋಡಿಕೊಂಡು ಬಂದಿದ್ದಳು. ಅವಳು ಸೇರಿದ ಮೇಲೆ ಏಳು ಜನ ನಿರ್ದೇಶಕರು ಬಂದು ಹೋದರು, ಕಟ್ಟಡ ಮೂರು ಸಲ ಬಣ್ಣ ಬದಲಿಸಿತು, ಕ್ಯಾಂಟೀನು ಎರಡು ಸಲ ಮುಚ್ಚಿ ಮತ್ತೆರಡು ಸಲ ತೆರೆಯಿತು. ತಾಕುಗಳು ಇದ್ದಲ್ಲೇ ಇದ್ದವು, ಅವಳೂ ಇದ್ದಲ್ಲೇ ಇದ್ದಳು.

ಈ ಪ್ರಯೋಗ ಶುರು ಮಾಡಿದವರು ಮಣ್ಣಿನ ಸಾಹೇಬರು. ಅವರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಆದರೆ ಯಾವಾಗ ನೋಡಿದರೂ ಉಗುರಿನ ಸಂದಿಯಲ್ಲಿ ಮಣ್ಣು, ಬಾಯಲ್ಲಿ ಮಣ್ಣಿನ ಮಾತು. ಹಾಗಾಗಿ ಈ ಹೆಸರೇ ನಿಂತಿತು. ಹನ್ನೆರಡು ತಾಕುಗಳಲ್ಲಿ ಮೂರಕ್ಕೆ ಚೀಲದ ಗೊಬ್ಬರ ಮಾತ್ರ. ಮೂರಕ್ಕೆ ಕೊಟ್ಟಿಗೆ ಗೊಬ್ಬರ. ಮೂರಕ್ಕೆ ಅದರಲ್ಲರ್ಧ, ಇದರಲ್ಲರ್ಧ. ಉಳಿದ ಮೂರಕ್ಕೆ ಏನೂ ಇಲ್ಲ. ಎಲ್ಲದರಲ್ಲೂ ಮುಸುಕಿನ ಜೋಳ ಬಿತ್ತಬೇಕು, ಕಳೆ ಕೀಳಬೇಕು, ಕೊಯ್ಯಬೇಕು, ತೆನೆ ತೂಗಿ ಬರೆಯಬೇಕು. ಆ ಮೂರರಿಂದ ತೆಗೆದುಕೊಳ್ಳುವುದಷ್ಟೇ, ಕೊಡುವುದು ಮಾತ್ರ ಸೊನ್ನೆ.

"ಏನೂ ಕೊಡದೇ ಇದ್ರೆ ಮಣ್ಣಿನ ಗತಿ ಏನಾಗುತ್ತೆ ಅಂತ ಗೊತ್ತಾಗ್ದೆ, ಕೊಟ್ಟಿದ್ರಿಂದ ಎಷ್ಟು ಉಪಯೋಗ ಆಯ್ತು ಅಂತ ಹೇಗಮ್ಮ ಹೇಳೋದು?" ಎಂದು ಸಾಹೇಬರು ಮೊದಲ ದಿನವೇ ಅವಳಿಗೆ ಹೇಳಿದ್ದರು. "ಈ ಮೂರಕ್ಕೆ ಒಂದು ಹಿಡಿ ಸಗಣಿ ಕೂಡ ಬೀಳಬಾರ್ದು. ಬೇಲಿ ಮರದ ಎಲೆ ಉದುರಿದ್ರೆ ಗುಡಿಸಿ ಆಚೆ ಹಾಕು. ಹಕ್ಕಿ ಕೂತ್ರೆ ಓಡಿಸು."

"ಹಕ್ಕಿ ಯಾಕೆ ಸಾರ್?"

"ಹಿಕ್ಕೆ ಹಾಕಲ್ವಾ?"

ಅವಳು ನಕ್ಕಳು. ಸಾಹೇಬರು ನಗಲಿಲ್ಲ. ತಮಾಷೆಯ ಮಾತೇ ಅಲ್ಲ ಎಂದು ಆಮೇಲೆ ಅವಳಿಗೆ ತಿಳಿಯಿತು. ಆ ಮೂರಕ್ಕೆ ಆಳುಗಳು ಉಪವಾಸದ ತಾಕು ಎಂದು ಹೆಸರಿಟ್ಟರು. ಅಧಿಕಾರಿಗಳ ಕಾಗದದಲ್ಲಿ ಅದಕ್ಕೆ ಬೇರೇನೋ ಘನವಾದ ಹೆಸರಿತ್ತು, ಅದು ಯಾರ ನಾಲಿಗೆಗೂ ಹತ್ತಲಿಲ್ಲ.

ಹತ್ತು ವರ್ಷ ಅವಳು ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದಳು. ಬೆಳಿಗ್ಗೆ ಆರಕ್ಕೆಲ್ಲ ಬಂದು, ಕಡ್ಡಿ ಪೊರಕೆ ಹಿಡಿದು ಆ ಮೂರು ತಾಕುಗಳನ್ನು ಮನೆಯ ಅಂಗಳದ ಹಾಗೆ ಗುಡಿಸುವಳು. ಅವಳ ಗಂಡ ದರ್ಜಿ. ಕತ್ತರಿಗಿಂತ ನಾಲಿಗೆ ಹರಿತ. "ನಮ್ಮನೆ ಕಸ ಮಧ್ಯಾಹ್ನದವರೆಗೂ ಹಾಗೇ ಬಿದ್ದಿರುತ್ತೆ, ಆ ಮಣ್ಣಿಗೆ ಮಾತ್ರ ದಿನಾ ಸ್ನಾನ ಒಂದು ಬಾಕಿ" ಎನ್ನುತ್ತಿದ್ದ. ಅವಳು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಮಣ್ಣಿನ ಗತಿ ಏನಾಗುತ್ತದೆ ಎಂಬುದನ್ನು ಅವಳು ಕಣ್ಣಾರೆ ಕಂಡಳು. ಮೊದಲ ಎರಡು ವರ್ಷ ಅಂಥ ವ್ಯತ್ಯಾಸವೇನೂ ಕಾಣಲಿಲ್ಲ. ಮೂರನೆಯ ವರ್ಷ ಜೋಳದ ಎಲೆ ಹಳದಿಗೆ ತಿರುಗಿತು. ಐದನೆಯ ವರ್ಷಕ್ಕೆ ಗಿಡ ಸೊಂಟದೆತ್ತರಕ್ಕೆ ನಿಂತಿತು, ಎಂಟನೆಯ ವರ್ಷಕ್ಕೆ ಮೊಣಕಾಲಿಗೆ. ಮಳೆ ಬಂದರೆ ಮಣ್ಣಿನ ಮೇಲೆ ಗಟ್ಟಿ ಪದರ ಕಟ್ಟಿ, ಮೊಳಕೆ ಅದನ್ನು ಒಡೆಯಲಾರದೆ ಒಳಗೇ ಸುರುಳಿ ಸುತ್ತಿಕೊಂಡು ಸಾಯುತ್ತಿತ್ತು. ವರ್ಷಕ್ಕೊಮ್ಮೆ ಪ್ರತಿ ತಾಕಿನಲ್ಲೂ ಒಂದು ಗೇಣು ಚೌಕ ಅಗೆದು, ಮಣ್ಣನ್ನು ತಗಡಿನ ತಟ್ಟೆಗೆ ಹಾಕಿ, ಬೆರಳಿನಿಂದ ಹುಡುಕಿ ಎರೆಹುಳು ಎಣಿಸುವ ಕೆಲಸವೂ ಅವಳದೇ. ಗೊಬ್ಬರದ ತಾಕಿನಲ್ಲಿ ಹದಿನೆಂಟು, ಇಪ್ಪತ್ತು. ಉಪವಾಸದ ತಾಕಿನಲ್ಲಿ ಸೊನ್ನೆ. ಮರುವರ್ಷ ಸೊನ್ನೆ. ಅದರ ಮರುವರ್ಷವೂ ಸೊನ್ನೆ. ಬರೆದ ಪುಸ್ತಕವನ್ನು ಸಾಹೇಬರ ಮೇಜಿನ ಮೇಲಿಡುವಾಗ, ಕೆಟ್ಟ ಸುದ್ದಿ ತಂದವಳ ಹಾಗೆ ಅವಳಿಗೆ ಮುಜುಗರವಾಗುತ್ತಿತ್ತು.

ಹನ್ನೊಂದನೆಯ ವರ್ಷ ಅವಳ ತಾಯಿಗೆ ಗಂಟಲಲ್ಲಿ ಗಡ್ಡೆಯಾಯಿತು. ತುತ್ತು ಇಳಿಯುವುದು ನಿಂತಿತು, ಆಮೇಲೆ ಗಂಜಿ ನಿಂತಿತು, ಆಮೇಲೆ ನೀರು. ಐದು ತಿಂಗಳು ಆ ಹೆಂಗಸು ದಿನದಿನಕ್ಕೆ ಸವೆಯುತ್ತಾ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಬೆಳಿಗ್ಗೆ ತಾಯಿಯ ತುಟಿಗೆ ಒದ್ದೆ ಹತ್ತಿ ಒತ್ತಿ, ಅಲ್ಲಿಂದ ಹೊರಟು ಬಂದು, ಮಗಳು ಉಪವಾಸದ ತಾಕಿನಿಂದ ನಾಲ್ಕು ಒಣ ಎಲೆಗಳನ್ನು ಗುಡಿಸಿ ಆಚೆ ಹಾಕಬೇಕು. ಎಷ್ಟು ದಿನ ಕೈ ಬಂದೀತು? ಒಂದು ದಿನ ಅವಳು ಪೊರಕೆ ಒರಗಿಸಿಟ್ಟು, ಎಲೆಗಳನ್ನು ಇದ್ದ ಹಾಗೇ ಬಿಟ್ಟಳು. ತಾಯಿ ತೀರಿಕೊಂಡ ಹದಿನೈದನೆಯ ದಿನ, ಉಳುಮೆಗೆ ಎರಡು ದಿನ ಮುಂಚೆ, ಯಾರೂ ಬರುವ ಮೊದಲು ಗೊಬ್ಬರದ ಗುಂಡಿಗೆ ಹೋಗಿ ಒಂದು ಬುಟ್ಟಿ ತುಂಬಿದಳು. ತಲೆಯ ಮೇಲೆ ಹೊತ್ತು ತಂದು, ಮೂರನೆಯ ನಂಬರಿನ ಉಪವಾಸದ ತಾಕಿನ ಮೇಲೆ ತೆಳ್ಳಗೆ ಹರಡಿ, ಕೈಯಿಂದಲೇ ಮಣ್ಣಿಗೆ ಬೆರೆಸಿದಳು. ಮನಸ್ಸಿಗೆ ಎಂಥ ಸಮಾಧಾನವಾಯಿತೆಂದರೆ, ಅಲ್ಲೇ ಕೂತು ಬಾಯಿ ಬಿಟ್ಟು ಅತ್ತಳು. ಅವಳನ್ನು ಅಪರಾಧಿ ಎನ್ನುವವರು ಆ ಬೆಳಿಗ್ಗೆ ಅಲ್ಲಿರಬೇಕಿತ್ತು.

ಒಂದಕ್ಕೆ ಹಾಕಿ ಉಳಿದೆರಡನ್ನು ಹಾಗೇ ಬಿಡುವುದಕ್ಕೆ ಅವಳ ಜೀವ ಒಪ್ಪಲಿಲ್ಲ. ಮೂರು ಮಕ್ಕಳಿದ್ದ ಮನೆಯಲ್ಲಿ ಒಬ್ಬನಿಗೆ ಮಾತ್ರ ಬಡಿಸುವ ತಾಯಿ ಉಂಟೆ? ಎಂಟನೆಯ ನಂಬರಿಗೂ ಹನ್ನೊಂದನೆಯ ನಂಬರಿಗೂ ಒಂದೊಂದು ಬುಟ್ಟಿ ಹೊತ್ತು ಹಾಕಿದಳು. ಕೆಲಸ ಕೆಟ್ಟದ್ದೇ ಇಲ್ಲಿ. ಒಂದಕ್ಕೆ ಮಾತ್ರ ಹಾಕಿದ್ದರೆ, ಮೂರರಲ್ಲಿ ಒಂದು ಬೇರೆಯಾಗಿ ಕಂಡು ಸಾಹೇಬರು ಎರಡನೆಯ ವರ್ಷಕ್ಕೇ ಹಿಡಿಯುತ್ತಿದ್ದರು. ಮೂರೂ ಒಟ್ಟಿಗೆ ಚೇತರಿಸಿಕೊಂಡರೆ ಯಾರಿಗೆ ತಾನೇ ಅನುಮಾನ ಬಂದೀತು? ಗುಂಡಿಯಲ್ಲಿ ಮೂರು ಬುಟ್ಟಿ ಕಡಿಮೆಯಾಯಿತೆಂದು ಅಳೆಯುವವರು ಯಾವ ಕೇಂದ್ರದಲ್ಲೂ ಇರುವುದಿಲ್ಲ. ಎರಡು ದಿನಕ್ಕೆ ಉಳುಮೆಯಾಗಿ ಗುರುತೂ ಉಳಿಯಲಿಲ್ಲ.

ಮರುವರ್ಷ ಹಾಕಿದಳು, ಅದರ ಮರುವರ್ಷವೂ ಹಾಕಿದಳು. ತೂಕದಲ್ಲಿ ಮಾತ್ರ ಒಂದು ಗ್ರಾಂ ಕೂಡ ಹೆಚ್ಚು ಕಡಿಮೆ ಬರೆಯಲಿಲ್ಲ. ತೆನೆ ಎಷ್ಟು ತೂಗಿತೋ ಅಷ್ಟೇ, ಹುಳು ಎಷ್ಟು ಸಿಕ್ಕಿತೋ ಅಷ್ಟೇ. ತಾನು ಸುಳ್ಳು ಬರೆಯುವವಳಲ್ಲ ಎಂಬ ಹೆಮ್ಮೆ ಅವಳಿಗೆ ಬೇರೆ ಇತ್ತು.

ಹದಿನಾಲ್ಕನೆಯ ವರ್ಷ ಉಪವಾಸದ ತಾಕಿನ ತಟ್ಟೆಯಲ್ಲಿ ಆರು ಎರೆಹುಳು ಸಿಕ್ಕವು. ಪುಸ್ತಕ ನೋಡಿದ ಮಣ್ಣಿನ ಸಾಹೇಬರು ಕುರ್ಚಿ ಹಿಂದಕ್ಕೆ ತಳ್ಳಿ, ಚಪ್ಪಲಿ ಮೆಟ್ಟುವುದನ್ನೂ ಮರೆತು ಹೊಲಕ್ಕೆ ಓಡಿದರು. ಹದಿನಾಲ್ಕು ವರ್ಷದಲ್ಲಿ ಆ ಮನುಷ್ಯನ ಹಲ್ಲು ಕಂಡದ್ದು ಅವತ್ತೇ. "ನೋಡಮ್ಮಾ! ತಾನಾಗೇ ಎದ್ದು ನಿಂತಿದೆ! ಏನೂ ಕೊಡ್ದೆ! ತಳ ಮುಟ್ಟಿ, ತಾನಾಗೇ ಎದ್ದಿದೆ!" ಎಂದು ಅವಳ ಎರಡೂ ಕೈ ಹಿಡಿದು ಕುಲುಕಿದರು. ಮಾತು ಅವಳ ನಾಲಿಗೆಯ ತುದಿಯವರೆಗೆ ಬಂದಿತ್ತು. ಅಷ್ಟು ಸಂತೋಷದ ಮುಖದ ಮೇಲೆ ನೀರೆರಚಲು ಅವಳಿಂದ ಆಗಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡಳು. ಆ ನಾಳೆ ಬರಲೇ ಇಲ್ಲ. ಸಾಹೇಬರು ದೊಡ್ಡ ದೊಡ್ಡವರು ಓದುವ ಪತ್ರಿಕೆಯಲ್ಲಿ ಬರೆದರು, ಸಭೆಗಳಲ್ಲಿ ಮಾತನಾಡಿದರು, ಶಾಲು ಹೊದಿಸಿಕೊಂಡರು. ಅಂಥದ್ದನ್ನು ಓದುವವರು ಯಾರೂ ನೇಗಿಲು ಹಿಡಿಯುವವರಲ್ಲವಲ್ಲ, ಇದರಿಂದ ಯಾರಿಗೆ ಏನು ನಷ್ಟ ಎಂದು ಅವಳು ತನಗೆ ತಾನೇ ಹೇಳಿಕೊಂಡಳು.

ನೇಗಿಲು ಹಿಡಿಯುವವರಿಗಾಗಿ ಬರೆದ ಪುಸ್ತಕ ಇಪ್ಪತ್ತನೆಯ ವರ್ಷ ಬಂತು. ಮೂವತ್ತು ಪುಟದ ಕಿರುಪುಸ್ತಕ. ಹೆಸರು 'ತನ್ನ ಕಾಲ ಮೇಲೆ ನಿಂತ ಮಣ್ಣು'. ಅದರಲ್ಲಿ ಒಂದು ಗೆರೆ ಎಳೆದಿದ್ದರು. ಹತ್ತು ವರ್ಷ ಇಳಿಯುವ ಗೆರೆ, ಆಮೇಲೆ ಏರುವ ಗೆರೆ. ಗೊಬ್ಬರ ಕೊಡುವುದನ್ನು ನಿಲ್ಲಿಸಿ, ಹತ್ತು ವರ್ಷ ತಾಳಿ, ಮಣ್ಣಿಗೆ ತನ್ನನ್ನು ತಾನು ಸಾಕಿಕೊಳ್ಳುವುದು ಗೊತ್ತಿದೆ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಮರುವರ್ಷ ಸಾಹೇಬರು ನಿವೃತ್ತರಾದರು. ಅದಾದ ಮೂರನೆಯ ವರ್ಷ, ತಾನು ಕಂಡುಹಿಡಿದದ್ದು ನಿಜವೆಂದೇ ನಂಬಿ, ನೆಮ್ಮದಿಯಿಂದ ಕಣ್ಣು ಮುಚ್ಚಿದರು. ಪುಣ್ಯವಂತರು.

ಆ ಪುಸ್ತಕವನ್ನು ಎಲ್ಲರಿಗಿಂತ ಮೊದಲು ನಂಬಿದವನು ಅವಳ ಒಡಹುಟ್ಟಿದ ತಮ್ಮ.

ಅವನಿಗೆ ಕೇಂದ್ರದಿಂದ ಎರಡು ಗಂಟೆ ಬಸ್ಸಿನ ದಾರಿಯ ಹಳ್ಳಿಯಲ್ಲಿ ಮೂರು ಎಕರೆ ಹೊಲ. ಮಹಾ ಚೂಟಿ, ಓದುವ ಹುಚ್ಚು, ಹೊಸದೆಂದರೆ ಮೈಯೆಲ್ಲ ಕಿವಿ. ಪುಸ್ತಕ ಓದಿ ಅಕ್ಕನ ಮನೆಗೇ ಓಡಿ ಬಂದಿದ್ದ. "ಅಕ್ಕಾ, ಇದು ನಿನ್ನ ತಾಕಿನ ವಿಷ್ಯ ತಾನೆ? ನಿಜಾನಾ?" ಎಂದು ಕೇಳಿದ.

"ಪುಸ್ತಕದಲ್ಲಿ ಬರ್ದಿದ್ದನ್ನೆಲ್ಲ ಹಾಗ್ಹಾಗೇ ಮಾಡೋಕಾಗುತ್ತೇನೋ? ಸ್ವಲ್ಪ ಗೊಬ್ಬರಾನೂ ಹಾಕ್ತಿರು" ಎಂದಳು ಅವಳು.

"ನಿಜಾನೋ ಸುಳ್ಳೋ ಅಷ್ಟು ಹೇಳು. ತಾಕಲ್ಲಿ ಹುಳ ಬಂದಿದ್ದು ನಿಜಾನಾ?"

"ಹುಳ ಬಂದಿದ್ದು ನಿಜ" ಎಂದಳು. ಅದು ಸುಳ್ಳಲ್ಲ. ಆದರೆ ಅಷ್ಟು ನಿಜವನ್ನು ಮಾತ್ರ ಹೇಳಿ ಬಾಯಿ ಮುಚ್ಚಿದ ಪಾಪ ಅವಳ ಬೆನ್ನು ಬಿಡಲಿಲ್ಲ. ಆಗ ಸಾಹೇಬರು ಇನ್ನೂ ಕುರ್ಚಿಯಲ್ಲಿದ್ದರು, ಅವಳಿಗೆ ಕೆಲಸ ಹೋಗುವ ಭಯವಿತ್ತು. ತಮ್ಮ ತನ್ನ ಎರಡು ಎತ್ತು, ಮೂರು ಹಸು ಮಾರಿದ. ಗೊಬ್ಬರವೇ ಬೇಡವೆಂದ ಮೇಲೆ ದನಕ್ಕೆ ಮೇವು ಹೊಂದಿಸುವ ತಾಪತ್ರಯ ಯಾಕೆ ಎಂಬುದು ಅವನ ವಾದ. ಗುಂಡಿ ಮುಚ್ಚಿ ಅದರ ಮೇಲೆ ಕಟ್ಟಿಗೆ ಒಟ್ಟಿದ.

ಎಂಟು ವರ್ಷ ಅವನ ಹೊಲ ಪುಸ್ತಕದ ಗೆರೆಯ ಹಾಗೇ ಇಳಿಯಿತು. ಅದೇ ಅವನಿಗೆ ಧೈರ್ಯ. ಬೇರೆಯವರಾದರೆ ಮೂರನೆಯ ವರ್ಷಕ್ಕೇ ಕೈ ಬಿಡುತ್ತಿದ್ದರು. ಇವನು ಬೆಳೆ ಕುಗ್ಗಿದಷ್ಟೂ, "ನೋಡಿದ್ರಾ, ಪುಸ್ತಕದಲ್ಲಿ ಇರೋ ಹಾಗೇ ಆಗ್ತಿದೆ" ಎಂದು ಊರವರಿಗೆ ತೋರಿಸುತ್ತಿದ್ದ.

ಈ ವರ್ಷ ಮೊದಲ ಮಳೆಯಾದ ವಾರ ಅವಳು ತಮ್ಮನ ಮನೆಗೆ ಹೋದಳು. ಹೊಲದಲ್ಲಿ ನೀರು ನಿಂತಿತ್ತು. ಮಳೆ ನಿಂತು ಎರಡು ದಿನವಾದ ಮೇಲೂ ನೀರು ಇಂಗದೆ ನಿಲ್ಲುವುದೆಂದರೇನು? ಅವಳು ಬಾಗಿ ಬೆರಳು ಒತ್ತಿದಳು. ಬೆರಳು ಇಳಿಯಲಿಲ್ಲ. ಅಂಚಿನಲ್ಲಿ ಮಣ್ಣು ಹೆಂಚಿನ ಚೂರುಗಳಂತೆ ಎದ್ದಿತ್ತು. ಹುಳು ಹುಡುಕಲು ಅವಳಿಗೆ ತಟ್ಟೆ ಬೇಕಿರಲಿಲ್ಲ. ಎಂಟನೆಯ ವರ್ಷದ ಉಪವಾಸದ ತಾಕು ಹೇಗಿತ್ತೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು? ಅದೇ ಮಣ್ಣು. ಆ ತಾಕು ಐದು ಹೆಜ್ಜೆ ಉದ್ದ, ನಾಲ್ಕು ಹೆಜ್ಜೆ ಅಗಲ ಇತ್ತು. ಇದು ಮೂರು ಎಕರೆ.

ತಮ್ಮನ ಹೆಂಡತಿ ಹಿಂದೆಯೇ ಬಂದು ನಿಂತಿದ್ದಳು. "ನೋಡಿ ಅಕ್ಕಾ, ನಾನು ಏನಾದ್ರೂ ಅಂದ್ರೆ ಇನ್ನೆರಡು ವರ್ಷ ತಾಳು ಅಂತಾರೆ. ನಾವಾದ್ರೂ ತಾಳ್ತೀವಿ. ಈ ಸಾಲಲ್ಲಿ ಹನ್ನೊಂದು ಮನೆಯವರು ಇವರ ಮಾತು ಕೇಳಿ ದನ ಮಾರಿದಾರೆ. ಅಕ್ಕ ಅಲ್ಲೇ ಕೆಲ್ಸ ಮಾಡ್ತಾಳೆ, ಸುಳ್ಳಾಗಿದ್ರೆ ನಂಗೆ ಹೇಳ್ತಿರ್ಲಿಲ್ವಾ ಅಂತ ಇವರು ಎಲ್ಲರ ಹತ್ರಾನೂ ಹೇಳ್ಕೊಂಡು ಬಂದಿದಾರೆ."

ಹನ್ನೊಂದು ಮನೆ. ಕೊಟ್ಟ ಕಾಫಿ ಕುಡಿಯಲಾಗದೆ, ತಮ್ಮ ಪೇಟೆಯಿಂದ ಬರುವ ಮೊದಲೇ ಬಸ್ಸು ಹತ್ತಿದಳು.

ಮನೆಗೆ ಬಂದು ಗಂಡನಿಗೆ ಎಲ್ಲವನ್ನೂ ಹೇಳಿದಳು. ಬುಟ್ಟಿಯ ವಿಷಯ ಅವನಿಗೂ ಅದೇ ಮೊದಲು ತಿಳಿದದ್ದು. ಅವನು ಹೊಲಿಗೆ ಯಂತ್ರದ ಚಕ್ರ ನಿಲ್ಲಿಸಿದ. ಆ ದಿನ ಅವನ ಬಾಯಿಂದ ಒಂದೂ ಕುಚೋದ್ಯ ಬರಲಿಲ್ಲ. "ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳು. ಸುಮ್ನಿರು" ಎಂದ. ಮತ್ತೆ ಚಕ್ರಕ್ಕೆ ಕೈ ಹಾಕುತ್ತಾ, "ಸುಮ್ನಿರೋಕೆ ಆಗುತ್ತಾ ನಿನ್ನ ಕೈಲಿ?" ಎಂದು ಅವನೇ ಕೇಳಿದ.

ಆಗಲಿಲ್ಲ. ಮರುದಿನವೇ ಅವಳು ಮೇಡಂ ಕೋಣೆಗೆ ಹೋದಳು. ಸಾಹೇಬರ ಜಾಗಕ್ಕೆ ಬಂದವರು ಈ ಮೇಡಂ. ಸಾಹೇಬರ ಕೈಕೆಳಗೆ ಓದಿ, ಇದೇ ತಾಕುಗಳ ಮೇಲೆ ಪ್ರಬಂಧ ಬರೆದು ಡಾಕ್ಟರ್ ಅನ್ನಿಸಿಕೊಂಡವರು. ಒಳ್ಳೆಯ ಹೆಂಗಸು. ಆಳುಗಳನ್ನು ಬಹುವಚನದಲ್ಲಿ ಮಾತಾಡಿಸುವ, ಬಿಸಿಲಲ್ಲಿ ತಾವೂ ಕುಕ್ಕರುಗಾಲಲ್ಲಿ ಕೂತು ಕಳೆ ಕೀಳುವ ಅಧಿಕಾರಿ ಅವರೊಬ್ಬರೇ.

ತಾಕಿನಕ್ಕ ನಿಂತೇ ಹೇಳಿದಳು. ತಾಯಿಯಿಂದ ಶುರು ಮಾಡಿ, ಬುಟ್ಟಿ, ಮೂರು ತಾಕು, ಹದಿನೇಳು ವರ್ಷ, ತಮ್ಮ, ಹನ್ನೊಂದು ಮನೆ. ಮೇಡಂ ಎದ್ದು ಹೋಗಿ ಬಾಗಿಲು ಹಾಕಿ ಬಂದು ಕೂತರು.

"ಅದಕ್ಕೇ" ಎಂದರು. "ಲ್ಯಾಬಿನವರೇ ತಪ್ಪು ಮಾಡಿದಾರೆ ಅಂತ ಆ ಮಣ್ಣನ್ನ ಎರಡು ಸಲ ವಾಪಸ್ ಕಳಿಸಿದ್ದೆ. ಅಷ್ಟೊಂದು ಸತ್ವ ಎಲ್ಲಿಂದ ಬಂತು ಅಂತ. ಪಾಪ, ಅವರನ್ನ ಬೈದಿದ್ದೆ."

"ನನ್ನ ಏನು ಬೇಕಾದ್ರೂ ಮಾಡಿ ಮೇಡಂ. ಪುಸ್ತಕ ಒಂದು ತಪ್ಪು ಅಂತ ಹೇಳಿಬಿಡಿ."

ಮೇಡಂ ಎರಡೂ ಕೈಗಳಲ್ಲಿ ಮುಖ ಉಜ್ಜಿಕೊಂಡರು. "ಏನಂತ ಹೇಳ್ಲಿ ಅಕ್ಕಾ? ಆ ಪುಸ್ತಕ ಎಷ್ಟು ಸಾವಿರ ಹೋಗಿದೆ ಗೊತ್ತಾ? ಸರ್ ಇಲ್ಲ. ನನ್ನ ಪ್ರಬಂಧ ಪೂರ್ತಿ ಇದರ ಮೇಲೇ ನಿಂತಿದೆ. ಈ ವರ್ಷ ಈ ತಾಕು ತೋರ್ಸೋಕೆ ಅಂತಾನೇ ರೈತರ ದಿನ ಇಟ್ಕೊಂಡಿದಾರೆ, ಮಂತ್ರಿ ಬರ್ತಾರೆ. ಹೋಗಿ ಹೇಳಿದ್ರೆ ಹನ್ನೆರಡೂ ತಾಕು ಕಿತ್ತು ಅಲ್ಲಿ ಉಗ್ರಾಣ ಕಟ್ತಾರೆ, ಅಷ್ಟೇ. ಅದಕ್ಕೆ ನಕ್ಷೆ ಆಗ್ಲೇ ರೆಡಿ ಇದೆ." ಕಿಟಕಿಯ ಕಡೆ ನೋಡಿದರು. "ಆ ದಿನ ಒಂದು ಮುಗೀಲಿ. ಆಮೇಲೆ ನಾನೇ ಏನಾದ್ರೂ ದಾರಿ ನೋಡ್ತೀನಿ. ಅಲ್ಲಿವರೆಗೂ ನೀವು ಹೇಳಿಲ್ಲ, ನಾನು ಕೇಳಿಲ್ಲ."

ಅವಳು ತಲೆಯಾಡಿಸಿ ಹೊರಟಳು. ಬಾಗಿಲ ಹತ್ತಿರ ಹೋದಾಗ ಮೇಡಂ ಮತ್ತೆ ಕರೆದರು.

"ಅಕ್ಕಾ, ಈ ವರ್ಷದ್ದು ಹಾಕಿದೀರಾ?"

"ಇಲ್ಲ ಮೇಡಂ. ಇನ್ನು ಹಾಕಲ್ಲ."

ಮೇಡಂ ಅವಳ ಮುಖ ನೋಡಲಿಲ್ಲ. ಮೇಜಿನ ಮೇಲಿದ್ದ ಕಾಗದಗಳನ್ನು ಜೋಡಿಸುತ್ತಾ, "ಜನ ಬಂದಾಗ ಗಿಡ ಸೊರಗಿದ್ರೆ ಚೆನ್ನಾಗಿರಲ್ಲ" ಎಂದರು. "ಇದೊಂದು ಸಲ ಹಾಕಿಬಿಡಿ."

ಹದಿನೇಳು ವರ್ಷ ಕರುಣೆಯಿಂದ ಹೊತ್ತದ್ದನ್ನು ಹದಿನೆಂಟನೆಯ ವರ್ಷ ಅವಳು ಅಪ್ಪಣೆಯ ಮೇರೆಗೆ ಹೊತ್ತಳು. ಬುಟ್ಟಿ ಅದೇ, ಗುಂಡಿ ಅದೇ. ಕುತ್ತಿಗೆಗೆ ಮಾತ್ರ ತಡೆಯದಷ್ಟು ಭಾರವಾಯಿತು. ತಮ್ಮನಿಗಾದರೂ ಹೇಳಬಹುದಿತ್ತು. ದಿನಾ ಹೇಳಬೇಕೆಂದುಕೊಂಡಳು. ಅಷ್ಟರಲ್ಲಿ ಅವನ ಬಿತ್ತನೆ ಮುಗಿದಿತ್ತು. ಇನ್ನು ಈ ಬೆಳೆ ಹೋದಂತೆಯೇ, ಈಗ ಹೇಳಿದರೂ ಒಂದೇ, ರೈತರ ದಿನ ಕಳೆದ ಮೇಲೆ ಹೇಳಿದರೂ ಒಂದೇ ಎಂದು ಮನಸ್ಸಿಗೆ ನೆಪ ಹುಡುಕಿಕೊಟ್ಟಳು. ಮನಸ್ಸು ಇಂಥ ನೆಪಗಳನ್ನು ಎಂದೂ ಬೇಡವೆನ್ನುವುದಿಲ್ಲ.

ರೈತರ ದಿನ ಬಂತು. ಜೋಳ ಆಳೆತ್ತರ ನಿಂತಿತ್ತು. ತಾಕುಗಳ ಮುಂದೆ ಶಾಮಿಯಾನ, ಬಾಡಿಗೆ ಕುರ್ಚಿಗಳು, ಕೀಚೆನ್ನುವ ಮೈಕು. ಎರಡು ಗಂಟೆ ತಡವಾಗಿ ಬಂದ ಮಂತ್ರಿ ಹತ್ತು ನಿಮಿಷ ಮಾತಾಡಿ, ಮುಸುಕಿನ ಜೋಳವನ್ನು ಕಬ್ಬು ಎಂದು ಕರೆದು, ಫೋಟೋ ತೆಗೆಸಿಕೊಂಡು ಹೊರಟುಹೋದ. ಉಳಿದವರು ನಾಲ್ಕು ನೂರು ಜನ ರೈತರು. ಅವರಲ್ಲಿ ಅವಳ ತಮ್ಮನೂ ಇದ್ದ. ಜೊತೆಗೆ ಆ ಹನ್ನೊಂದು ಮನೆಯವರು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಮದುವೆಗೆ ಬಂದವರ ಹಾಗೆ ಒಟ್ಟೊಟ್ಟಿಗೆ ನಿಂತಿದ್ದರು.

ತಾಕು ನೋಡಲು ಜನ ಸಾಲಾಗಿ ಬಂದರು. ಎಲ್ಲರೂ ಗಿಡ ನೋಡಿದರು. ತಮ್ಮ ಗಿಡ ನೋಡಲಿಲ್ಲ. ಹಗ್ಗದ ಕೆಳಗೆ ನುಸುಳಿ ಕೂತು, ಮಣ್ಣಿಗೆ ಕೈ ಹಾಕಿದ. ಕೈ ಮುಂಗೈವರೆಗೆ ಇಳಿಯಿತು. ಎತ್ತಿ ಮೂಸಿದ. ಮುಖದಲ್ಲಿ ಎಂಟು ವರ್ಷದ ದಣಿವೆಲ್ಲ ಕರಗಿದ ಹಾಗೆ ಕಂಡಿತು. "ಅಕ್ಕಾ, ನೋಡೇ, ಹೇಗಿದೆ!" ಎಂದು ಮಣ್ಣನ್ನು ಅಂಗೈಯಲ್ಲಿ ಪುಡಿ ಮಾಡಿ ಹರಡಿದ. ಆಮೇಲೆ ಅವನ ಬೆರಳು ನಿಂತಿತು.

ಅಂಗೈಯಲ್ಲಿ ಉಗುರಿನಷ್ಟಗಲದ ಮೊಟ್ಟೆಯ ಚಿಪ್ಪಿನ ಚೂರಿತ್ತು. ಮತ್ತೆ ಕೈ ಹಾಕಿ ಕೆದಕಿದ. ಇನ್ನೊಂದು ಚೂರು, ಅರ್ಧ ಕೊಳೆತ ಹುಲ್ಲಿನ ಎಳೆ. ಕೇಂದ್ರದ ಕ್ಯಾಂಟೀನಿನ ಕಸವೆಲ್ಲ ಗೊಬ್ಬರದ ಗುಂಡಿಗೇ ಬೀಳುತ್ತಿತ್ತು. ಲ್ಯಾಬಿಗೆ ಹೋಗುವ ಮಣ್ಣನ್ನು ಮೊದಲು ಜರಡಿ ಹಿಡಿಯುತ್ತಾರೆ. ಚಿಪ್ಪು, ಕಡ್ಡಿ, ಕಲ್ಲು ಎಲ್ಲ ಜರಡಿಯಲ್ಲೇ ಉಳಿದು ಕಸದ ಬುಟ್ಟಿ ಸೇರುತ್ತವೆ. ಓದಿದವರಿಗೆ ಹದಿನೆಂಟು ವರ್ಷ ಕಾಣದ್ದು, ಜರಡಿಯಿಲ್ಲದ ಕೈಗೆ ಒಂದೇ ಸಲಕ್ಕೆ ಸಿಕ್ಕಿತು.

ಅವನು ತಲೆ ಎತ್ತಿ ಅಕ್ಕನನ್ನು ನೋಡಿದ. ದನಿ ಬಹಳ ತಗ್ಗಿತ್ತು. "ಇದಕ್ಕೆ ಯಾರೋ ಗೊಬ್ಬರ ಹಾಕ್ತಿದಾರೆ."

"ನಾನೇ ಕಣೋ" ಎಂದಳು ಅವಳು. ಅಷ್ಟು ವರ್ಷ ಬಾರದಿದ್ದ ಮಾತು ಎಷ್ಟು ಚಿಕ್ಕದಿತ್ತು.

"ಯಾವಾಗಿಂದ?"

"ಅಮ್ಮ ತೀರ್ಕೊಂಡ ವರ್ಷದಿಂದ."

ಅವನು ಲೆಕ್ಕ ಹಾಕಿದ. ಅವನ ತುಟಿ ಅಲುಗುವುದು ಅವಳಿಗೆ ಕಾಣುತ್ತಿತ್ತು. ಕೂಗಾಡುತ್ತಾನೆ, ಹೊಡೆಯುತ್ತಾನೆ, ಹೊಡೆಯಲಿ ಎಂದು ಅವಳು ಕಾದಳು. ಅವನು ಹಾಗೇನೂ ಮಾಡಲಿಲ್ಲ. ಅಂಗೈಯ ಮಣ್ಣನ್ನು ತಾಕಿಗೇ ಸುರಿದು, ಎರಡೂ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಎದ್ದು ನಿಂತ.

"ಸರಕಾರದ ಮಣ್ಣು ನೋಡಿ ನಿನ್ನ ಹೊಟ್ಟೆ ಉರೀತು" ಎಂದ. "ಹದಿನೆಂಟು ವರ್ಷ ತಲೆ ಮೇಲೆ ಹೊತ್ತೆ. ನನ್ನ ಹೊಲಕ್ಕೆ ಒಂದು ಮಾತು ಹೊತ್ಕೊಂಡು ಬರೋಕೆ ನಿನಗೆ ಎರಡು ಗಂಟೆ ಬಸ್ಸಿನ ದಾರಿ ದೂರ ಆಯ್ತಾ ಅಕ್ಕಾ?"

ಅವಳು ಬಾಗಿ, ಅವನು ಸುರಿದ ಮಣ್ಣಿನಿಂದ ಚಿಪ್ಪಿನ ಚೂರನ್ನು ಹೆಕ್ಕಿದಳು.

ಅಷ್ಟರಲ್ಲಿ ಮೈಕಿನಲ್ಲಿ ಮೇಡಂ ಅವನನ್ನು ಕರೆದರು. ಎಲ್ಲರಿಗಿಂತ ಹೆಚ್ಚು ಕಾಲ ಈ ಪದ್ಧತಿ ಅನುಸರಿಸಿದ ರೈತ ಎರಡು ಮಾತು ಆಡಬೇಕೆಂದು ಮೊದಲೇ ನಿಗದಿಯಾಗಿತ್ತು. ಜನ ಚಪ್ಪಾಳೆ ತಟ್ಟಿದರು. ಅವನು ಹೋಗಿ ಮೈಕು ಹಿಡಿದ. ಕೆಳಗೆ ಮುಂದಿನ ಸಾಲಿನಲ್ಲೇ ಹನ್ನೊಂದು ಮನೆಯವರು ಕೂತಿದ್ದರು. ಅವರಲ್ಲೊಬ್ಬ ಮುದುಕ ನಗುತ್ತಾ, ಮಾತಾಡು ಮಾತಾಡು ಎಂದು ಕೈ ಮಾಡಿದ. ಹೇಳಿಬಿಡುತ್ತಾನೆ ಎಂದು ತಾಕಿನಕ್ಕನಿಗೆ ಖಾತ್ರಿಯಿತ್ತು. ಹೇಳಲಿ. ತನ್ನ ಕೆಲಸ ಹೋಗಲಿ, ಪಿಂಚಣಿ ಹೋಗಲಿ, ಪೊಲೀಸರೇ ಬರಲಿ. ಒಳಗಿನಿಂದ ಅವಳು ಬೇಡಿಕೊಂಡಳು, ಹೇಳಿಬಿಡೋ.

ಮೇಜಿನ ಹತ್ತಿರ ನಿಂತಿದ್ದ ಮೇಡಂ ಮುಖ ಬಿಳುಚಿಕೊಂಡಿತ್ತು. ತಾಕಿನ ಹತ್ತಿರ ನಡೆದದ್ದನ್ನು ಅವರು ದೂರದಿಂದ ನೋಡಿದ್ದರೆಂದು ಕಾಣುತ್ತದೆ.

ತಮ್ಮ ಆ ಹನ್ನೊಂದು ಜನರ ಮುಖಗಳನ್ನು ಒಂದೊಂದಾಗಿ ನೋಡಿದ. ಒಬ್ಬೊಬ್ಬರ ಕೊಟ್ಟಿಗೆಯನ್ನೂ ಖಾಲಿ ಮಾಡಿಸಿದವನು ಅವನೇ.

"ನಮ್ಮಕ್ಕ ಇಲ್ಲೇ ಕೆಲ್ಸ ಮಾಡ್ತಾಳೆ" ಎಂದ. "ಇಪ್ಪತ್ತೆಂಟು ವರ್ಷದಿಂದ ಈ ತಾಕು ನೋಡ್ಕೊಂಡಿರೋಳು ಅವಳೇ. ಅವಳು ಸುಳ್ಳು ಹೇಳೋಳಲ್ಲ. ನಾನು ಈಗ ಮಣ್ಣು ಮುಟ್ಟಿ ನೋಡ್ದೆ. ಪುಸ್ತಕದಲ್ಲಿ ಇರೋ ಹಾಗೇ ಇದೆ. ಇನ್ನೆರಡು ವರ್ಷ, ಅಷ್ಟೇ. ತಾಳಿ."

ಚಪ್ಪಾಳೆ ಜೋರಾಗಿ ಬಿತ್ತು. ಅವನು ಯಾರನ್ನು ಕಾಪಾಡಲು ಹಾಗೆ ಹೇಳಿದ, ಅಕ್ಕನನ್ನೋ, ತನ್ನನ್ನೋ, ಆ ಹನ್ನೊಂದು ಜನರ ಆ ಒಂದು ದಿನದ ಸಂತೋಷವನ್ನೋ, ಅವಳಿಗೆ ತಿಳಿಯಲಿಲ್ಲ. ಇಳಿದು ಬಂದವನು ಅವಳ ಕಡೆ ತಿರುಗದೆ, ತನ್ನವರ ಜೊತೆ ಸೇರಿಕೊಂಡು ಬಸ್ಸಿನ ಕಡೆ ನಡೆದ. ಮುದುಕ ಅವನ ಬೆನ್ನು ತಟ್ಟುತ್ತಿದ್ದ.

ಮುಂದಿನ ವರ್ಷದಿಂದ ಗೊಬ್ಬರ ನಿಲ್ಲಿಸುವವರು ಹೆಸರು ಬರೆಸಬೇಕೆಂದು ಮೈಕಿನಲ್ಲಿ ಹೇಳಿದರು. ಮೇಜಿನ ಮುಂದೆ ಸಾಲು ನಿಂತಿತು. ಬರೆಸಿದವರಿಗೆ ಆ ಕಿರುಪುಸ್ತಕ ಕೊಡುವ ಕೆಲಸವನ್ನು ಬೆಳಿಗ್ಗೆಯೇ ತಾಕಿನಕ್ಕನಿಗೆ ವಹಿಸಿದ್ದರು. ಅಂದು ಹೆಸರು ಬರೆಸಿದವರು ನಲವತ್ತಾರು ಜನ. ಅಷ್ಟೂ ಜನರ ಕೈಗೆ ಅವಳೇ ಕೊಟ್ಟಳು.